ಮಡಿಕೆ ಬಿಚ್ಚದ ಸೀರೆ

ಜ್ಞಾನಭಾರತಿಯ ಆ ಹಾಲ್‌ನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ನನ್ನ ಸೀರೆ ಇತ್ತು.

ಎಂಬತ್ತಾದ ಮುದುಕಿ, ಅರಳುಮರಳು ಅಂದುಕೊಳ್ಳುವವರು ಅಂದುಕೊಳ್ಳಲಿ. ಜಂಬುನೇರಳೆ ಬಣ್ಣ, ಅರಿಶಿನದ ಅಂಚು, ಮೇಲಿನ ಮಡಿಕೆಯ ಮೂಲೆಯಲ್ಲಿ ಹೆಬ್ಬೆರಳಗಲದ ಎಣ್ಣೆ ಕಲೆ. ಆ ಹೆಬ್ಬೆರಳು ನನ್ನದು. ಹರಳೆಣ್ಣೆ ಸೋಸುತ್ತಾ ಕೂತಿದ್ದವಳು ಕೈ ಒರೆಸಿಕೊಳ್ಳುವಷ್ಟು ತಾಳ್ಮೆಯೂ ಇಲ್ಲದೆ ಓಡಿ ಬಂದು ಮುಟ್ಟಿಬಿಟ್ಟಿದ್ದೆ. ಅವ್ವ ಬೈದಿದ್ದಳು. ಅರವತ್ತು ವರ್ಷದ ಮೇಲಾಯಿತು. ಕಲೆ ಕಪ್ಪಾಗಿದೆ, ಹೋಗಿಲ್ಲ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ಸಹನಾ, ನನ್ನ ತಂಗಿಯ ಮೊಮ್ಮಗಳು. ಅಲ್ಲೇ ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. "ದೊಡ್ಡಜ್ಜಿ, ನಮ್ಮೂರಲ್ಲಿ ಬಂದು ಇದ್ರಲ್ಲ ಪ್ರೊಫೆಸರ್, ಅವರದ್ದು ಎಕ್ಸಿಬಿಷನ್ ಇಟ್ಟಿದ್ದಾರೆ. ನೀವು ಅವರನ್ನ ಕಣ್ಣಾರೆ ನೋಡಿದ್ದೀರಲ್ವಾ, ಬನ್ನಿ ಪ್ಲೀಸ್" ಎಂದು ದುಂಬಾಲು ಬಿದ್ದಳು. ಹೋದೆ. ಅವರ ಕನ್ನಡಕ, ಅವರ ಕೊಡೆ, ಮಡಚುವ ಮಂಚ. ಜಾತಿಯನ್ನು ಶಾಸ್ತ್ರದ ಪುಸ್ತಕದಲ್ಲಿ ಹುಡುಕದೆ ಊರೊಳಗೆ ಹೋಗಿ ನೋಡಬೇಕೆಂದು ದೇಶಕ್ಕೆ ಕಲಿಸಿದವರು ಅವರು ಎಂಬರ್ಥದಲ್ಲಿ ಗೋಡೆ ತುಂಬ ಬರೆದಿದ್ದರು. ಸುಳ್ಳಲ್ಲ, ಬಿಡಿ. ಅವರಿಗಿಂತ ಮುಂಚಿನವರು ನಾಲ್ಕು ವರ್ಣ ಎಂದು ಬಾಯಿಪಾಠ ಒಪ್ಪಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವರು ನಮ್ಮ ಮನೆಯ ಜಗಲಿಯ ಮೇಲೆ ಕೂತು ನೋಡಿದರು. ನೋಡಿಯೇ ನೋಡಿದರು.

ನಾನು ಗಾಜಿನ ಮೇಲೆ ಅಂಗೈ ಊರಿದೆ. ಬಾಗಿಲ ಬಳಿ ಕೂತಿದ್ದ ಕಾವಲಿನವನು ಎದ್ದು ಬಂದು, "ಅಜ್ಜಿ, ಮುಟ್ಟಬಾರ್ದು" ಎಂದ.

ನನ್ನೂರು ಉಲ್ಲಾಳದಿಂದ ಕೆಂಗೇರಿಯ ಕಡೆಗೆ ಹೋಗುವ ಗಾಡಿಜಾಡಿನಲ್ಲಿತ್ತು. ಹೆಸರು ಹೇಳುವುದಿಲ್ಲ. ಆ ಪ್ರೊಫೆಸರೂ ತಮ್ಮ ಪುಸ್ತಕದಲ್ಲಿ ಹೇಳಲಿಲ್ಲ, ಬೇರೆ ಏನೋ ಹೆಸರಿಟ್ಟರು. ಜಾತಿಯ ಹೆಸರೂ ಬೇಡ. ರಾಗಿ, ಹುರುಳಿ, ಅವರೆ ಬೆಳೆಯುವವರು. ಸೊಪ್ಪು ತರಕಾರಿಯನ್ನು ಗಾಡಿಗೆ ಹೇರಿ ಪೇಟೆಗೆ ಒಯ್ಯುವವರು. ನನ್ನಪ್ಪ ಊರಿನಲ್ಲಿ ನಮ್ಮ ಜಾತಿಯ ಯಜಮಾನ. ಯಾರ ಮನೆಯಿಂದ ಹೆಣ್ಣು ತರಬೇಕು, ಯಾರಿಂದ ತಪ್ಪುದಂಡ ಕಟ್ಟಿಸಬೇಕು, ಎಲ್ಲ ನಮ್ಮ ಜಗಲಿಯ ಮೇಲೆಯೇ ತೀರ್ಮಾನ. ನನ್ನ ಹೆಸರು ಕೆಂಪಮ್ಮ. ಹದಿನಾರಕ್ಕೆ ಮದುವೆಯಾಯಿತು, ಹದಿನೆಂಟಕ್ಕೆ ಗಂಡ ವಿಷಮಶೀತ ಜ್ವರದಲ್ಲಿ ಹೋದ. ಒಳ್ಳೆಯವನೇ ಇದ್ದಿರಬೇಕು. ನನಗೆ ಅವನ ಕೆಮ್ಮು ನೆನಪಿದೆ, ಮುಖ ಸರಿಯಾಗಿ ನೆನಪಿಲ್ಲ. ನನ್ನನ್ನು ತವರಿಗೆ ತಂದು ಬಿಟ್ಟರು.

ಆದರೆ ನಾನೇನೂ ಮೂಲೆ ಸೇರಿ ಅಳುತ್ತಾ ಕೂರಲಿಲ್ಲ. ಯಾಕೆಂದರೆ ನಮ್ಮಲ್ಲಿ ಗಂಡ ಸತ್ತ ಹೆಣ್ಣಿಗೆ ಸೀರುಡಿಕೆ ಎಂಬುದೊಂದಿತ್ತು. ಧಾರೆಯಿಲ್ಲ, ಚಪ್ಪರವಿಲ್ಲ, ವಾಲಗವಿಲ್ಲ. ದೀಪ ಹಚ್ಚುವ ಹೊತ್ತಿಗೆ ಗಂಡಾದವನು ಯಜಮಾನನ ಎದುರು ಹೊಸ ಸೀರೆ ಇಡುತ್ತಾನೆ. ಹೆಣ್ಣು ಒಳಗೆ ಹೋಗಿ ಅದನ್ನು ಉಟ್ಟು ಹೊರಗೆ ಬರುತ್ತಾಳೆ. ಮುಗಿಯಿತು, ಅವಳು ಅವನ ಹೆಂಡತಿ. ಉಡಿಸುವುದಕ್ಕೆ ಮುತ್ತೈದೆಯರು ಬರುವುದಿಲ್ಲ, ಹಿಂದೆ ಸೀರುಡಿಕೆಯಾದವಳೇ ಬರಬೇಕು. ಆಮೇಲೂ ಅವಳು ಬೇರೆಯವರ ಮದುವೆಯಲ್ಲಿ ಆರತಿ ಎತ್ತುವಂತಿಲ್ಲ. ಆರತಿ ಯಾವಳಿಗೆ ಬೇಕಿತ್ತು! ನನಗೆ ಬೇಕಿದ್ದದ್ದು ನನ್ನದೊಂದು ಒಲೆ, ನನ್ನದೊಂದು ಬಾಗಿಲು, ಮಡಿಲಲ್ಲಿ ಒಂದು ಮಗು.

ಗಂಡೂ ಗೊತ್ತಾಗಿತ್ತು. ಚಿಕ್ಕಣ್ಣ, ನಮ್ಮವ್ವನ ಕಡೆಯ ನಂಟ. ಕಾಮಾಕ್ಷಿಪಾಳ್ಯದಲ್ಲಿ ಒಂದು ಕೋಣೆ ಮಾಡಿಕೊಂಡು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಸೈಕಲ್ ತುಳಿದುಕೊಂಡು ಬರುತ್ತಿದ್ದ, ಬಂದವನು ತಲೆಗೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಕೀಳುತ್ತಾ ಕೂರುತ್ತಿದ್ದ. ಮಾತು ಕಡಿಮೆ. ಒಂದು ಸಲ ಮಾತ್ರ ಬಾವಿಕಟ್ಟೆಯ ಹತ್ತಿರ, "ಅಲ್ಲಿ ಕೊಳಾಯಿ ನೀರು ಬರ್ತದೆ ಕಣಮ್ಮಿ, ಸೇದೋ ಕಷ್ಟ ಇಲ್ಲ" ಎಂದ. ನನಗೆ ಅದು ಸಾಕಾಗಿತ್ತು. ಆ ವರ್ಷ ರಾಗಿ ಕೊಯ್ಲಿಗೆ ಮುಂಚೆಯೇ ಚಿಕ್ಕಪೇಟೆಯಿಂದ ಸೀರೆ ತಂದು ಕೊಟ್ಟುಹೋದ. ಸಂಕ್ರಾಂತಿ ಕಳೆಯಲಿ, ಕಣದ ಕೆಲಸ ಮುಗಿಯಲಿ, ಆಮೇಲೆ ಉಡಿಸೋಣ ಎಂದು ಅಪ್ಪ ಹೇಳಿದರು. ಅವ್ವ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟಳು. ನಾನು ಎಣ್ಣೆ ಕೈಯಲ್ಲಿ ಮುಟ್ಟಿದ್ದು ಆಗಲೇ.

ರಾಗಿ ಮೆದೆ ಹಾಕುತ್ತಿದ್ದಾಗ ಪ್ರೊಫೆಸರು ಬಂದರು. ಉದ್ದನೆಯ ಮನುಷ್ಯರು, ಬಿಳಿ ಪಂಚೆ, ತುಂಬು ತೋಳಿನ ಅಂಗಿ, ನೆತ್ತಿ ಸುಡದ ಚಳಿಗಾಲದಲ್ಲೂ ಕೊಡೆ. ಜೊತೆಗೆ ತಮ್ಮದೇ ಅಡಿಗೆಯವನು. ನಮ್ಮ ಮನೆಯ ಮುಂದಿನ ಕೋಣೆಯನ್ನು ಅಪ್ಪ ಬಿಟ್ಟುಕೊಟ್ಟರು. ಆ ಮನುಷ್ಯರಿಗೆ ಗರ್ವವೆಂಬುದೇ ಇರಲಿಲ್ಲ. ಕಣದಲ್ಲಿ ಕೂರುವರು, ಕುರಿಹಟ್ಟಿಯಲ್ಲಿ ಕೂರುವರು, ಊರಾಚೆಯ ಕೇರಿಗೂ ಹೋಗಿ ಕೂರುವರು. ಕೇಳಿದ್ದೇ ಕೇಳಿದ್ದು. "ಯಾರ ಮನೆ ನೀರು ಕುಡೀತೀರಿ? ಯಾರ ಮನೇಲಿ ಅನ್ನ ಉಣ್ತೀರಿ? ಯಾರು ನಿಮ್ಮ ಜಗಲಿ ಹತ್ತೋ ಹಾಗಿಲ್ಲ? ನಿಮಗಿಂತ ಮೇಲೆ ಯಾರು, ಕೆಳಗೆ ಯಾರು?"

ಇಲ್ಲೇ ನಮ್ಮ ಜನ ಎಡವಿದ್ದು. ಕಲಿಯುವುದಕ್ಕೆ ಎಂದು ಒಬ್ಬ ಓದಿದ ಮನುಷ್ಯ ಹಳ್ಳಿಗೆ ಬಂದು ಕೂರುತ್ತಾನೆಂದರೆ ಯಾರು ನಂಬುತ್ತಾರೆ? ಆಗ ಪೇಪರಿನ ತುಂಬ ಯಾವ ಜಾತಿ ಹಿಂದೆ, ಯಾವುದು ಮುಂದೆ ಎಂಬ ಜಗಳ. ಹಾಗಾಗಿ ಇವರು ಜಾತಿಗಳಿಗೆ ಮೆಟ್ಟಿಲು ಗೊತ್ತುಮಾಡುವುದಕ್ಕೆ ಸರ್ಕಾರ ಕಳಿಸಿದ ಅಧಿಕಾರಿ ಎಂದು ಊರೇ ತೀರ್ಮಾನ ಮಾಡಿಬಿಟ್ಟಿತು. ಅವರು ಒಂದು ಸಲ ಬರೆದುಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಅದೇ ಗತಿ. ನಮಗೂ, ನಮ್ಮ ಹಾಗೆಯೇ ಉಳುವ ಪಕ್ಕದ ಬೀದಿಯ ಇನ್ನೊಂದು ಜಾತಿಗೂ ಮೊದಲಿಂದ ಮೇಲಾಟ. ಅವರು ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ, ನಾವು ಅವರ ಮನೆಯಲ್ಲಿ ಉಣ್ಣುವುದಿಲ್ಲ. ಪ್ರೊಫೆಸರು ಬಂದದ್ದೇ ತಡ, ಎರಡು ಕಡೆಯೂ ಮಡಿಯ ಭೂತ ಹೊಕ್ಕಿತು. ಹುಟ್ಟಿದಾಗಿನಿಂದ ಏಕಾದಶಿ ಕಾಣದ ನನ್ನಪ್ಪ ಅವರ ಕಿಟಕಿಯ ಎದುರು ನಿಂತು, "ಇವತ್ತು ಒಪ್ಪತ್ತು ಕಣಮ್ಮೀ, ಮುದ್ದೆ ತೊಳಸ್ಬೇಡ" ಎಂದು ಅವ್ವನಿಗೆ ಕೂಗಿ ಹೇಳುವುದನ್ನು ಕೇಳಿ ನಾನೂ ನನ್ನ ತಂಗಿ ಪುಟ್ಟತಾಯಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕೆವು, ಹೌದು. ಅದು ನನ್ನ ಕುತ್ತಿಗೆಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಸಂಕ್ರಾಂತಿ ಕಳೆಯಿತು. ಪ್ರೊಫೆಸರು ಪೇಟೆಯಲ್ಲಿ ಎಲ್ಲೋ ಭಾಷಣ ಮಾಡಿ ಬಂದಿದ್ದರು, ಅದು ಪೇಪರಿನಲ್ಲಿ ಅಚ್ಚಾಯಿತು. ಶಾಲೆಯ ಮೇಷ್ಟರು ಅರಳಿಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಓದಿದರು. ಬೆಂಗಳೂರಿನ ಪಡುವಲಿಗೆ ಒಂದು ಹಳ್ಳಿ. ಅಲ್ಲಿ ಉಳುವ ಎರಡು ಜಾತಿ, ಊಟ ಉಡುಪು ದೇವರು ಎಲ್ಲ ಒಂದೇ. ಒಂದು ಜಾತಿಯಲ್ಲಿ ಗಂಡ ಸತ್ತವರನ್ನು ಮತ್ತೆ ಕೊಡುತ್ತಾರೆ, ಇನ್ನೊಂದರಲ್ಲಿ ಇಲ್ಲ. ಆದ್ದರಿಂದ ಕೊಡದವರು ತಾವು ಒಂದು ಮೆಟ್ಟಿಲು ಮೇಲು ಎನ್ನುತ್ತಾರೆ. ಮೇಲೇರಬೇಕೆಂಬ ಜಾತಿಗಳು ಇಂಥ ರೂಢಿಯನ್ನೇ ಮೊದಲು ಬಿಡುವುದು. ಹೀಗಿತ್ತು ಅದರ ಸಾರಾಂಶ. ಅವರು ಕಂಡದ್ದನ್ನು ಹೇಳಿದ್ದರು, ಅಷ್ಟೇ. ಮಾಡಿ ಎಂದಿರಲಿಲ್ಲ. ಆದರೆ ನಮ್ಮ ಜನ ಕೇಳಿಸಿಕೊಂಡದ್ದು ಅಪ್ಪಣೆಯ ಹಾಗೆ.

ಮೇಷ್ಟರು ಓದಿ ನಿಲ್ಲಿಸಿದಾಗ ಪಕ್ಕದ ಬೀದಿಯವನೊಬ್ಬ, "ಯಜಮಾನ್ರೇ, ಯಾವಾಗ ನಿಮ್ಮ ಮನೆ ಸೀರುಡಿಕೆ? ನಮ್ಮನ್ನೂ ಕರೀರಪ್ಪಾ" ಎಂದು ಹಲ್ಲು ಕಿರಿದನಂತೆ. ಅಪ್ಪ ಟವೆಲ್ಲು ಕೊಡವಿಕೊಂಡು ಎದ್ದು ಬಂದರು. ಬಂದವರು ಊಟ ಮಾಡಲಿಲ್ಲ.

ಮಾರನೆಯ ದಿನ ನಮ್ಮ ಜಗಲಿಯ ಮೇಲೆ ಜಾತಿಯವರೆಲ್ಲ ಸೇರಿದರು. ಪೇಟೆಯ ಜಾತಿ ಸಂಘದಿಂದಲೂ ಕೋಟು ಹಾಕಿಕೊಂಡ ಒಬ್ಬರು ಬಂದಿದ್ದರು. ಹೆಂಡ ಬಿಡಬೇಕು, ಮಾಂಸ ಬಿಡಬೇಕು, ಮದುವೆಗೆ ಪುರೋಹಿತರನ್ನು ಕರೆಸಬೇಕು, ಸೀರುಡಿಕೆ ಇವತ್ತಿಗೇ ನಿಲ್ಲಬೇಕು. ಎಲ್ಲರೂ ಹೂಂ ಎಂದರು. ಕೋಟಿನವರು ವಾಪಸು ಹೊರಡುವ ಮುಂಚೆಯೇ ಹಿತ್ತಿಲಲ್ಲಿ ಅವರಿಗೆಂದು ಕೋಳಿ ಕುಯ್ದಿದ್ದರು. ಶಿವರಾತ್ರಿಯ ಹೊತ್ತಿಗೆ ಹೆಂಡದ ಮಡಕೆಗಳೂ ವಾಪಸು ಬಂದವು. ನಿಂತದ್ದು ಸೀರುಡಿಕೆ ಒಂದೇ. ಅದನ್ನು ಬಿಟ್ಟರೆ ಯಾವ ಗಂಡಸಿಗೂ ನಾಲಿಗೆಯ ರುಚಿ ಕೆಡುವುದಿಲ್ಲವಲ್ಲ!

ಅವ್ವ ಅಪ್ಪನ ಕಾಲು ಹಿಡಿದುಕೊಂಡಳು. "ಇದೊಂದು ಆಗೋಗ್ಲಿ. ಗಂಡು ಗೊತ್ತಾಗೈತೆ, ಸೀರೆ ಬಂದೈತೆ. ಇದು ಮುಗಿದ್ಮೇಲೆ ನಿಲ್ಸಿ."

"ಯಜಮಾನನ ಮನೇಲೇ ಆದ್ರೆ ನಾಳೆ ಯಾವ ಮುಖ ಇಟ್ಕೊಂಡು ಊರಿಗೆ ಬುದ್ಧಿ ಹೇಳ್ಲಿ?"

"ಅದಕ್ಕೆ ಮಗಳ ಬಾಳು ಹಾಳ್ಮಾಡ್ತೀರಾ?"

"ಏನು ಹಾಳಾಗ್ತದೆ? ಹೊತ್ತುಹೊತ್ತಿಗೆ ಹಿಟ್ಟು ಐತೆ, ಮಾನ ಮುಚ್ಚಕ್ಕೆ ಬಟ್ಟೆ ಐತೆ. ಇನ್ನೇನು ಬೇಕಂತೆ ಅವಳಿಗೆ?"

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದರು. ಅವತ್ತಿನಿಂದ ಅವರು ಸಾಯುವ ತನಕ ನಾನು ಅವರಿಗೆ ಅನ್ನ ಬಡಿಸಿದೆ, ಕೊನೆಗಾಲದಲ್ಲಿ ಮೈ ಒರೆಸಿದೆ. ಅಪ್ಪಾ ಎಂದು ಕರೆಯಲಿಲ್ಲ.

ನನಗೆ ಉಳಿದಿದ್ದ ದಾರಿ ಒಂದೇ. ಒಂದು ಮಧ್ಯಾಹ್ನ ಅಪ್ಪ ಹೊಲಕ್ಕೆ ಹೋಗಿದ್ದಾಗ ಮುಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಪ್ರೊಫೆಸರು ಏನೋ ಬರೆಯುತ್ತಿದ್ದವರು ತಲೆ ಎತ್ತಿ, "ಬಾಮ್ಮ, ಕೂತ್ಕೋ" ಎಂದರು. ಗಂಡ ಸತ್ತ ಮೇಲೆ ನನ್ನನ್ನು ಯಾರೂ ಎದುರಿಗೆ ಕೂರಿಸಿಕೊಂಡು ಮಾತಾಡಿಸಿರಲಿಲ್ಲ. ಒಳಗೆ ಹೋಗಿ ಹೊಸಿಲ ಪಕ್ಕ ಕೂತೆ.

"ಸ್ವಾಮಿ, ನೀವು ಹೇಳಿದ್ರೆ ಅಪ್ಪ ಕೇಳ್ತಾರೆ. ಸೀರುಡಿಕೆ ಕೀಳಲ್ಲ ಅಂತ ಒಂದು ಮಾತು ಹೇಳ್ಬಿಡಿ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಬೇಸರ ಅವರಿಗೂ ಆಗಿತ್ತು, ಮುಖದಲ್ಲಿ ಕಂಡಿತು. "ನಾನು ಹೇಳೋ ಹಾಗಿಲ್ಲಮ್ಮ. ಊರು ಹೇಗಿದೆಯೋ ಹಾಗೆ ನೋಡೋದು ನನ್ನ ಕೆಲಸ. ಹೀಗೆ ಮಾಡಿ, ಹಾಗೆ ಮಾಡಿ ಅಂತ ನಾನು ಬಾಯಿ ಹಾಕಿದ್ರೆ ಊರು ಬದಲಾಗಿಬಿಡುತ್ತೆ."

"ಪೇಪರ್‌ನಲ್ಲಿ ಆಗ್ಲೇ ಬಾಯಿ ಹಾಕಿದ್ದೀರಲ್ಲ ಸ್ವಾಮಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನನ್ನನ್ನೇ ನೋಡಿದರು. ಆಮೇಲೆ, ನಾನು ಸಾಯುವ ತನಕ ಮರೆಯುವುದಿಲ್ಲ, ಅವರ ಕಣ್ಣಿಗೆ ಕಳೆ ಬಂತು. ಪೆನ್ನಿನ ಮುಚ್ಚಳ ತೆಗೆದರು.

"ಪೇಪರ್ ಓದಿದ ಮೇಲೇನಾ ಈ ತೀರ್ಮಾನ ಆಗಿದ್ದು? ಸರಿಯಾಗಿ ಜ್ಞಾಪಿಸ್ಕೊಂಡು ಹೇಳಮ್ಮ. ಮೊದಲು ಯಾರು ಎತ್ತಿದ್ದು ಮಾತು? ಹೆಂಗಸರು ಯಾರಾದ್ರೂ ಬೇಡ ಅಂದ್ರಾ?"

ನಾನು ಹೇಳಿದೆ. ಕೇಳಿದ್ದಕ್ಕೆಲ್ಲ ಹೇಳಿದೆ. ಹೇಳಿದರೆ ಕರಗುತ್ತಾರೆ, ಎದ್ದು ಅಪ್ಪನ ಹತ್ತಿರ ಹೋಗುತ್ತಾರೆ ಎಂಬ ಹುಚ್ಚು ಆಸೆ. ಅವ್ವ ಕಾಲು ಹಿಡಿದದ್ದು, ಅಪ್ಪ ಅಂದದ್ದು, ಕೋಟಿನವರು ಕೋಳಿ ತಿಂದದ್ದು. ಅವರು ಬರೆದುಕೊಳ್ಳುತ್ತಾ ಹೋದರು. ನನಗೆ ಹೇಗಾಯಿತು ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿದರು. ಕೊನೆಗೆ, "ತುಂಬಾ ಉಪಕಾರ ಆಯ್ತಮ್ಮ" ಎಂದು ಕೈ ಮುಗಿದರು. ದೊಡ್ಡವರು ಕೈ ಮುಗಿದರೆ ನಾನಾದರೂ ಏನು ಮಾಡಲಿ? ಎದ್ದು ಬಂದೆ. ಹಿತ್ತಿಲಿಗೆ ಹೋಗಿ ಒರಳು ತೊಳೆದೆ. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದೆ.

ಚಿಕ್ಕಣ್ಣ ಮುಂದಿನ ಭಾನುವಾರ ಬಂದ. ಅಪ್ಪ ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ಹೇಳಿ, ಅದೇ ಉಸಿರಿನಲ್ಲಿ, "ನಂಟು ಕಳ್ಕೊಳ್ಳೋದು ಬೇಡ. ಚಿಕ್ಕವಳು ಪುಟ್ಟತಾಯಿ ಅವಳೆ. ಧಾರೆ ಎರೆದು, ವಾಲಗ ಊದ್ಸಿ ಕೊಡ್ತೀನಿ. ಏನಂತೀಯಪ್ಪಾ?" ಎಂದರು.

ನಾನು ಬಾಗಿಲ ಹಿಂದೆ ನಿಂತು ಮನಸ್ಸಿನಲ್ಲೇ ಮೊರೆಯಿಡುತ್ತಿದ್ದೆ. ಬೇಡ ಅನ್ನು. ಕೋಪ ಮಾಡಿಕೊಂಡು ಎದ್ದು ಹೋಗು, ಸಾಕು, ನಾನು ಅದನ್ನೇ ಇಟ್ಟುಕೊಂಡು ಬದುಕುತ್ತೇನೆ. ಅವನು ತಲೆಯಿಂದ ಹತ್ತಿಯ ಎಳೆಯೊಂದನ್ನು ಕಿತ್ತು, ಬೆರಳಿನಲ್ಲಿ ಉಂಡೆ ಮಾಡಿ, ನೆಲಕ್ಕೆ ಹಾಕಿದ. "ದೊಡ್ಡೋರು ನೀವು. ನೀವು ಹೇಳ್ದಂಗೆ" ಎಂದ.

ಥೂ! ಇವತ್ತಿಗೂ ನನ್ನ ಬಾಯಿಂದ ಅದೇ ಬರುವುದು.

ಪುಟ್ಟತಾಯಿ ನನ್ನ ಸೆರಗು ಹಿಡಿದು ಅತ್ತಳು. "ಅಕ್ಕಾ, ನಾನು ಒಲ್ಲೆ ಅಂತೀನಿ. ಬಾವಿಗೆ ಬೀಳ್ತೀನಿ ಅಂತೀನಿ."

"ನೀನು ಬಿದ್ರೆ ನನಗೆ ಉಡಿಸ್ತಾರಾ? ಸುಮ್ನೆ ಹೋಗಿ ತಲೆ ಬಾಚ್ಕೋ ಹೋಗೇ" ಎಂದು ಗದರಿದೆ. ಪಾಪ, ಅವಳಿಗೆ ಹದಿನಾರು.

ಯುಗಾದಿಗೆ ಮುಂಚೆ ಮದುವೆಯಾಯಿತು. ನಮ್ಮ ಜಾತಿಯಲ್ಲೇ ಮೊದಲ ಸಲ ಪುರೋಹಿತರು ಬಂದು ಮಂತ್ರ ಹೇಳಿದರು. ಯಾರಿಗೂ ಯಾವಾಗ ಅಕ್ಷತೆ ಹಾಕಬೇಕೆಂದು ಗೊತ್ತಾಗದೆ ಹೊತ್ತಲ್ಲದ ಹೊತ್ತಿನಲ್ಲಿ ಹಾಕಿ ಬೈಸಿಕೊಂಡರಂತೆ. ಪ್ರೊಫೆಸರು ಚಪ್ಪರದ ಕಂಬಕ್ಕೆ ಒರಗಿಕೊಂಡು ನಿಂತು ಒಂದನ್ನೂ ಬಿಡದೆ ನೋಡಿದರಂತೆ. ಎಲ್ಲ ಅಂತೆ, ಅಂತೆ. ನಾನು ಕಂಡಿಲ್ಲ. ಗಂಡ ಸತ್ತವಳು ಧಾರೆಯ ಹೊತ್ತಿನಲ್ಲಿ ಎದುರಿಗೆ ಬರಬಾರದೆಂಬುದು ಹೊಸ ಕಟ್ಟಳೆ. ಹಿತ್ತಿಲಲ್ಲಿ ಕೂತು ಆಳುಗಳ ಜೊತೆ ಕಾರ ಅರೆಯುತ್ತಿದ್ದೆ. ವಾಲಗದವರು ಗಟ್ಟಿಮೇಳ ಬಾರಿಸಿದಾಗ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಘಾಟು ಎಂದು ಹೇಳುವುದಕ್ಕೆ ಅನುಕೂಲವಾಯಿತು.

ಮದುವೆಯಾದ ವಾರದಲ್ಲೇ ಪ್ರೊಫೆಸರು ಹೊರಟರು. ಊರೆಲ್ಲ ಸೇರಿ ಬೀಳ್ಕೊಡುಗೆ. ಹಣ್ಣು, ತೆಂಗಿನಕಾಯಿ, ವೀಳ್ಯದ ತಟ್ಟೆ ಸಿದ್ಧವಾಯಿತು. ಅವರ ಮನೆಯಾಕೆಗೆ ಒಂದು ಸೀರೆಯೂ ಇರಲಿ ಎಂದು ಯಾರೋ ಅಂದರು. ಅಪ್ಪ ಅವ್ವನಿಗೆ, "ಪೆಟ್ಟಿಗೇಲಿ ಐತಲ್ಲ, ತಾ" ಎಂದರು.

ಅವ್ವ ಬೆಚ್ಚಿಬಿದ್ದಳು. "ಅಯ್ಯೋ, ಅದು ಉಡಿಕೆ ಸೀರೆ ಕಣ್ರೀ! ಮುತ್ತೈದೇಗೆ ಕೊಡಬಾರ್ದು!" ಅದಕ್ಕೇ ಪುಟ್ಟತಾಯಿಗೂ ಅದನ್ನು ಉಡಿಸಿರಲಿಲ್ಲ. ಅಂಥ ಸೀರೆ ಮದುವಣಗಿತ್ತಿಯ ಮೈಗೆ ಸೋಕಬಾರದು.

"ಅವರಿಗೇನು ಗೊತ್ತಾಗ್ತದೆ, ತಾ ಅಂದ್ರೆ" ಎಂದರು ಅಪ್ಪ.

ನಮ್ಮೂರಿನ ಒಂದೊಂದು ರೂಢಿಯನ್ನೂ ಬಗೆದು ನೋಡಿದವರಿಗೆ ಅದು ಮಾತ್ರ ಗೊತ್ತಾಗಲಿಲ್ಲ. ಸೀರೆ ತಟ್ಟೆಯಲ್ಲಿ ಹೋಗುವಾಗ ನಾನು ಕೈ ಚಾಚಿದೆನೋ ಏನೋ, ಅವ್ವ, "ಮುಟ್ಟಬ್ಯಾಡ ಕಣೇ, ಕಾಣಿಕೆ ತಟ್ಟೆ" ಎಂದು ಮೆಲ್ಲಗೆ ಅಂದಳು. ಪ್ರೊಫೆಸರು ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಇಂಥ ಪ್ರೀತಿಯನ್ನು ತಾವೆಲ್ಲೂ ಕಂಡಿಲ್ಲವೆಂದರು. ಎಲ್ಲರ ಕಣ್ಣೂ ಒದ್ದೆಯಾಯಿತು. ನನಗೆ ಒಳಗೊಳಗೇ ಕೆಟ್ಟ ಖುಷಿಯಾಯಿತು. ಉಡಲಿ, ಅವರ ಹೆಂಡತಿ ಉಡಲಿ, ಆಮೇಲೇನಾಗುತ್ತದೋ ಅದನ್ನೂ ಅವರು ಬರೆದುಕೊಳ್ಳಲಿ ಎಂದುಕೊಂಡೆ.

ಮುಂದಿನದು ಹೆಚ್ಚೇನಿಲ್ಲ. ಕೆಲವೇ ವರ್ಷದಲ್ಲಿ ಅಪ್ಪ ತೀರಿಕೊಂಡರು, ನಾನು ಊರು ಬಿಟ್ಟೆ. ನಾಲ್ಕಕ್ಷರ ಬರುತ್ತಿತ್ತು, ಮಹಿಳಾ ಸಮಾಜದವರು ಕಾಮಾಕ್ಷಿಪಾಳ್ಯದಲ್ಲಿ ಶಿಶುವಿಹಾರ ತೆರೆದಾಗ ಟೀಚರಾದೆ. ಪುಟ್ಟತಾಯಿಯ ಮಕ್ಕಳನ್ನೂ ಅಲ್ಲೇ ಆಡಿಸಿದೆ. ಅವಳ ಮನೆಯ ಪಕ್ಕದ ಕೋಣೆಯಲ್ಲೇ ಬಾಳಿದೆ. ಕೊಳಾಯಿ ನೀರು ಬರುತ್ತಿತ್ತು, ಆ ಮಾತು ಸುಳ್ಳಾಗಲಿಲ್ಲ. ಚಿಕ್ಕಣ್ಣ ಬೆಳಿಗ್ಗೆ ಪಾಳಿಗೆ ಹೋಗುವಾಗ ನನ್ನ ಬಾಗಿಲು ದಾಟಿಯೇ ಹೋಗಬೇಕು. ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಅವನೂ ಸತ್ತ, ಅವಳೂ ಸತ್ತಳು.

ಪ್ರೊಫೆಸರ ಪುಸ್ತಕ ಬಂತು. ದೇಶ ವಿದೇಶಗಳಲ್ಲಿ ಅದರ ಮೇಲೆ ಚರ್ಚೆಯಾಯಿತಂತೆ, ಒಪ್ಪಿದವರು ಒಂದು ಕಡೆ, ಒಪ್ಪದವರು ಇನ್ನೊಂದು ಕಡೆ. ಅದರಲ್ಲಿ ನಾನೂ ಇದ್ದೇನೆ. ಸಹನಾ ಓದಿ ಕನ್ನಡದಲ್ಲಿ ಹೇಳಿದಳು: ಒಬ್ಬ ಯಜಮಾನ ತನ್ನ ವಿಧವೆ ಮಗಳ ಉಡಿಕೆಯನ್ನು ನಿಲ್ಲಿಸಿದ, ಆ ಜಾತಿ ಮೇಲೇರತೊಡಗಿದ್ದಕ್ಕೆ ಅದು ಗುರುತು ಎಂದು. ಎರಡೇ ಸಾಲು. ಆ ಮಗಳು ಯಾರೆಂದು ಅವಳಿಗೆ ಗೊತ್ತಿಲ್ಲ. ಇನ್ನೂ ತಮಾಷೆ ಕೇಳಿ. ಎಷ್ಟೋ ವರ್ಷ ಕಳೆದು ಮೀಸಲಾತಿಯ ಗಲಾಟೆ ಬಂದಾಗ ಅದೇ ಜಾತಿ ಸಂಘದವರು, ನಾವು ಹಿಂದುಳಿದವರೇ, ನಮ್ಮಲ್ಲಿ ಸೀರುಡಿಕೆ ಇತ್ತು ಎಂದು ಎದೆ ತಟ್ಟಿಕೊಂಡು ಹೇಳಿದರು. ಸಾಕ್ಷಿಗೆ ಆ ಪುಸ್ತಕವನ್ನೇ ಹಿಡಿದುಕೊಂಡು ಹೋದರು. ಕೆಳಗಿಳಿಯುವುದಕ್ಕೂ ಮೆಟ್ಟಿಲಾದವಳು ನಾನೇ.

ಸಹನಾ ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿ, ಒಳಗಿಟ್ಟಿದ್ದ ಚೀಟಿ ನೋಡಿ ಕುಣಿದಳು. "ದೊಡ್ಡಜ್ಜಿ! ಈ ಸೀರೆ ನಮ್ಮೂರಿಂದ ಕೊಟ್ಟಿದ್ದಂತೆ! ಅವರ ವೈಫ್ ಉಡದೇ ಹಾಗೇ ಜೋಪಾನವಾಗಿ ಇಟ್ಕೊಂಡಿದ್ರಂತೆ, ಒಂದು ಮಡಿಕೇನೂ ಬಿಚ್ಚಿಲ್ಲ. ಯಾರು ತಂದಿದ್ದು ನಿಮಗೇನಾದ್ರೂ ನೆನಪಿದ್ಯಾ?"

"ನಿಮ್ಮ ತಾತ."

"ಚಿಕ್ಕಣ್ಣ ತಾತಾನಾ? ನಿಜವಾಗ್ಲೂ? ಯಾರಿಗೆ ಅಂತ ತಂದಿದ್ದು?"

ಹುಡುಗಿಗೆ ಅವನದೇ ಮೂಗು, ಅವನದೇ ಹಣೆ. ಕಣ್ಣರಳಿಸಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು.

"ಚೀಟೀಲಿ ಬರೆದಿದೆಯಲ್ಲ, ಓದ್ಕೋ" ಎಂದೆ.

ಊರ ಜನರ ಪ್ರೀತಿಯ ಕಾಣಿಕೆ ಎಂದು ಅವಳು ಗಟ್ಟಿಯಾಗಿ ಓದಿದಳು. ಆಮೇಲೆ ಫೋನು ತೆಗೆದು, "ಪಕ್ಕದಲ್ಲಿ ನಿಂತ್ಕೊಳ್ಳಿ ದೊಡ್ಡಜ್ಜಿ, ಒಂದು ಫೋಟೋ. ಗಾಜು ಮಾತ್ರ ಮುಟ್ಟಬೇಡಿ" ಎಂದಳು. ನಾನು ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ನಿಂತು, ನನ್ನ ಬಿಳಿ ಸೀರೆಯ ಸೆರಗು ಸರಿ ಮಾಡಿಕೊಂಡೆ.